ಒಂದು ಬೆರಳಿನ ಕಾರು

ಮಡಿವಾಳೆಪ್ಪನ ತೋಳುಗಳಲ್ಲಿ ಬಲವಿರಲಿಲ್ಲ.

ಬೈಲಹೊಂಗಲದ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತನಾಗಿದ್ದವನಿಗೆ ಇದು ದೊಡ್ಡ ಕೊರತೆಯಲ್ಲ. ಅಲ್ಲಿ ಅವನು ಎತ್ತಬೇಕಾಗಿದ್ದ ಅತ್ಯಂತ ಭಾರದ ವಸ್ತುವೆಂದರೆ ರಬ್ಬರ್ ಸೀಲು. ಮನೆಯಲ್ಲಿ ಗ್ಯಾಸ್ ಸಿಲಿಂಡರು, ಬಿಗಿದುಕೊಂಡ ಡಬ್ಬಿಯ ಮುಚ್ಚಳ, ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಇವೆಲ್ಲ ಹೆಂಡತಿ ರಾಜೇಶ್ವರಿಯ ಖಾತೆಯಲ್ಲಿದ್ದವು. ಅವಳು ಸಂಪಗಾಂವದ ಒಕ್ಕಲು ಮನೆತನದವಳು. ಮದುವೆಗೆ ಮುಂಚೆ ಕಡಲೆಯ ಚೀಲ ಹೊತ್ತು ಅಟ್ಟ ಹತ್ತಿದವಳು. ಮದುವೆಯಾದ ಮೇಲೆ ಚೀಲ ತಪ್ಪಿತು, ಮಡಿವಾಳೆಪ್ಪ ಸಿಕ್ಕ. ಭಾರದಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ.

ಹೋದ ವರ್ಷ ಅವನ ಬಲಹೆಗಲು ಹಿಡಿದುಕೊಂಡಿತು. ಡಾಕ್ಟರು ದಿನಾಲೂ ಗೋಡೆಗೆ ಬೆರಳು ಹಚ್ಚಿ ಮೆಲ್ಲಗೆ ಮೇಲಕ್ಕೆ ಹತ್ತಿಸಲು ಹೇಳಿದರು. ಬೆರಳು ಒಂದು ವಾರ ಹತ್ತಿತು, ಆಮೇಲೆ ಬೇಸತ್ತು ಇಳಿಯಿತು. ಸ್ಕೂಟರು ಹಿಡಿಯುವುದೇ ಕಷ್ಟವಾದಾಗ ಮಡಿವಾಳೆಪ್ಪ ಹುಬ್ಬಳ್ಳಿಗೆ ಹೋಗಿ ಒಂದು ಹಳೆಯ ಕಾರು ತಂದ. ಹೆಂಡತಿಯ ತಮ್ಮ ಬಸವಲಿಂಗ ಮೊದಲೇ ಎಚ್ಚರಿಸಿದ್ದ.

"ಮಾವಾರ, ಗುರ್ತಿಲ್ಲದ ಗಾಡಿ ತಗೋಬ್ಯಾಡ್ರಿ. ನಮ್ಮ ದೋಸ್ತಂದು ಜೀಪ್ ಐತಿ, ಕೊಡಸ್ತೇನಿ. ಹುಬ್ಬಳ್ಳಿ ಗಾಡಿ ಆರ ತಿಂಗಳದಾಗ ಕೈ ಕೊಡತೈತಿ ನೋಡ್ರಿ."

ಮಡಿವಾಳೆಪ್ಪ ಕೇಳಲಿಲ್ಲ. ಕಾರಿನ ಪೂಜೆಯ ದಿನ ಓಣಿಯ ಮಂದಿಯನ್ನೆಲ್ಲ ಗೇಟಿನೊಳಗೆ ಕರೆದು, ಸೀಟಿನಲ್ಲಿ ಕುಳಿತು, ತೋರುಬೆರಳು ಒಂದನ್ನೇ ಸ್ಟೇರಿಂಗಿಗೆ ಹಚ್ಚಿ ಗರಗರ ತಿರುಗಿಸಿದ.

"ನೋಡ್ರಿ, ಒಂದ ಬೆರಳಿಲೆ ತಿರಗತೈತಿ. ಇದಕ್ಕ ಪವರ್ ಸ್ಟೇರಿಂಗ್ ಅಂತಾರ."

ಬಾಡಿಗೆ ಮನೆಯ ಒಡತಿ, ಅದೇ ಕಾಂಪೌಂಡಿನಲ್ಲಿರುವ ಸಾವಂತ್ರೆವ್ವನಿಗೆ ಎಪ್ಪತ್ತರ ಮೇಲೆ ವಯಸ್ಸು. ಅವಳೂ ಸೆರಗು ಸಿಕ್ಕಿಸಿಕೊಂಡು ಕಾರು ಹತ್ತಿದಳು, ಕುಂಕುಮ ಮೆತ್ತಿದ ಬೆರಳಿನಿಂದ ತಿರುವಿದಳು. ಚಕ್ರ ತಿರುಗಿತು.

"ಅಯ್ ಶಿವನ! ರೊಟ್ಟಿ ಬಡಿಯೂದು ಇದಕ್ಕಿಂತ ತ್ರಾಸ ಐತಲ್ಲೋ ತಮ್ಮಾ!"

ಅಂದಿನಿಂದ ಓಣಿಯಲ್ಲಿ ಅದಕ್ಕೆ ಒಂದು ಬೆರಳಿನ ಕಾರು ಎಂದೇ ಹೆಸರಾಯಿತು. ಮಡಿವಾಳೆಪ್ಪನ ಆಯುಷ್ಯದಲ್ಲಿ ಅವನ ಯಾವುದಾದರೊಂದು ಅವಯವಕ್ಕೆ ಹೆಸರು ಬಂದದ್ದು ಅದೇ ಮೊದಲು.

ಸಾವಂತ್ರೆವ್ವನ ಮನೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಬೈಲಹೊಂಗಲದಲ್ಲಿ ಬಾಡಿಗೆ ಮನೆ ಸಿಗುತ್ತವೆ. ಕಾರು ಒಳಗೆ ಹೋಗುವಂಥ ಗೇಟು ಇರುವ ಬಾಡಿಗೆ ಮನೆ ಸಿಗುವುದಿಲ್ಲ. ಅದು ಸಿಕ್ಕದ್ದು ಮಡಿವಾಳೆಪ್ಪನ ಪುಣ್ಯ. ಆ ಪುಣ್ಯಕ್ಕೆ ಒಂದು ಷರತ್ತಿತ್ತು. ಕೀಲಿಕೈ ಕೊಡುವ ದಿನವೇ ಸಾವಂತ್ರೆವ್ವ ಹೇಳಿದ್ದಳು:

"ಬೀಗರ್ನ ಕರಸ್ರಿ, ಟೀವಿ ಜೋರ ಹಚ್ಚರಿ, ನಾ ಏನೂ ಅನ್ನೂದಿಲ್ಲ. ಗಂಡ ಹೆಂಡ್ತಿ ಜಗಳ ಮಾತ್ರ ಬ್ಯಾಡ. ನಾನೂ ನಮ್ಮವ್ರೂ ಕೂಡಿ ಮೂವತ್ತು ವರ್ಷ ಜಗಳಾಡೇವಿ. ಈ ಗ್ವಾಡಿಗೋಳಿಗೆ ಸಾಕಾಗೇತಿ."

ಇದು ಬರೀ ಮಾತಲ್ಲ. ಹಿಂದಿನ ಬಾಡಿಗೆದಾರ ಕಂಪೌಂಡರನ ಹೆಂಡತಿ ಗಂಡನ ಕಡೆ ಒಂದು ಚಮಚ ಎಸೆದಿದ್ದಳು. ಚಮಚ ನೆಲಕ್ಕೆ ಬೀಳುವಷ್ಟರಲ್ಲಿ ಅವರ ಗಂಟುಮೂಟೆ ಓಣಿಯಲ್ಲಿತ್ತು.

ಆರು ತಿಂಗಳು ತುಂಬುವ ಮೊದಲೇ ಕಾರಿನ ಮುಂಭಾಗದಿಂದ ಗುಂಯ್ ಎಂಬ ನರಳಾಟ ಶುರುವಾಯಿತು. ತಿರುವು ಬಂದಾಗಲೆಲ್ಲ ನರಳುತ್ತಿತ್ತು. ಮಡಿವಾಳೆಪ್ಪ ಹಾಡಿನ ಸಪ್ಪಳ ಹೆಚ್ಚಿಸಿದ. ಅವನ ಮಟ್ಟಿಗೆ ಕೇಳಿಸದ ಸಪ್ಪಳ ರಿಪೇರಿಯಾದ ಸಪ್ಪಳ. ಒಂದು ರವಿವಾರ ಗಂಡ ಹೆಂಡತಿ ಕಿತ್ತೂರಿನಿಂದ ಬರುವಾಗ ಊರ ಹತ್ತಿರದ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಿನ ಗಾಣದಂತೆ ಕೂತುಬಿಟ್ಟಿತು. ಮಡಿವಾಳೆಪ್ಪ ಎರಡೂ ಕೈ ಹಚ್ಚಿ ಎಳೆದ. ಹೆಗಲು ಚುರ್ ಎಂದಿತು. ಕಾರು ನೇರವಾಗಿ ಗೋವಿನಜೋಳದ ಹೊಲದ ಕಡೆ ಹೊರಟಿತು. ಪಕ್ಕದಲ್ಲಿದ್ದ ರಾಜೇಶ್ವರಿ ಬಾಗಿ, ಸ್ಟೇರಿಂಗ್ ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ ಎಳೆದಳು. ಕಾರು ರಸ್ತೆಗೆ ಬಂತು.

ಹಾಗೇ ಇಬ್ಬರೂ ಕೂಡಿ ಎಳೆಯುತ್ತ ಊರ ತನಕ ಬಂದರು.

ಊರಂಚಿನ ಕಿತ್ತೂರು ನಾಕಾದ ಬಳಿ ಅರ್ಜುನನ ಗ್ಯಾರೇಜು. ಅವನು ಬಾನೆಟ್ ಎತ್ತಿ, ಕೆಳಗೆ ತೂರಿ, ಕೆಂಪು ಎಣ್ಣೆ ಮೆತ್ತಿದ ಕೈಯೊಂದಿಗೆ ಹೊರಗೆ ಬಂದ.

"ಸ್ಟೇರಿಂಗ್ ಪಂಪ್ ಹೋಗೇತ್ರಿ ಸರ್. ಎಣ್ಣಿ ಪೂರಾ ಸೋರೇತಿ. ಹುಬ್ಬಳ್ಳಿಯಿಂದ ಬ್ಯಾರೇ ಪಂಪ್ ತರಸಬೇಕು, ಒಂದ ವಾರ ಹಿಡಿತೈತಿ. ಗಾಡಿ ಇಲ್ಲೇ ಬಿಟ್ಟು ಹೋಗ್ರಿ."

"ಇಲ್ಲೆ ಬಿಡಾಕ ಬರೂದಿಲ್ಲ."

"ಹಂಗಾರ ಒಯ್ಯರಿ. ಓಡತೈತಿ. ಆದ್ರ ತಿರಗೂದು ಬಾಳ ಬಿಗಿ. ತೋಳಿನ ಕೆಲಸ."

ಬಿಡಲು ಬರುವುದಿಲ್ಲ ಎಂಬುದಕ್ಕೆ ಕಾರಣವಿತ್ತು. ನಿನ್ನೆ ತನಕ ಕಾರಿನಲ್ಲಿ ಹೋದವನು ಇಂದು ನಡೆದು ಹೋದರೆ ಓಣಿ ಸುಮ್ಮನಿರುವುದಿಲ್ಲ. ಎದುರು ಮನೆಯ ಬೀರವ್ವ ದಿನವಿಡೀ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂರುವವಳು. ಅವಳ ಮೊರದಲ್ಲಿ ಒಂದು ಹರಳೂ ತಪ್ಪಿಸಿಕೊಂಡದ್ದಿಲ್ಲ. ಅವಳಿಗೆ ತಿಳಿದದ್ದು ಸಂಪಗಾಂವಕ್ಕೆ ಸಂಜೆಯೊಳಗೆ ಮುಟ್ಟುತ್ತದೆ. ಬಸವಲಿಂಗ ನಗುತ್ತಾನೆ. ಆ ನಗು ಕೇಳುವುದಕ್ಕಿಂತ ಹೆಗಲು ಕಳಚಿ ಬೀಳುವುದು ಮೇಲು ಎಂದು ಮಡಿವಾಳೆಪ್ಪ ತೀರ್ಮಾನಿಸಿದ.

"ಅರ್ಜುನ, ಒಂದ ಮಾತು. ಯಾರ ಕೇಳಿದ್ರೂ ಈ ಗಾಡಿಗೆ ಏನೂ ಆಗಿಲ್ಲ ಅನ್ನು. ನೀ ಇದಕ್ಕ ಕೈನ ಹಚ್ಚಿಲ್ಲ ಅನ್ನು."

"ಯಾರ ಕೇಳತಾರ್ರಿ ಸರ್?"

"ಯಾರರೆ ಕೇಳಿದ್ರ. ಆಣಿ ಮಾಡು."

ಅರ್ಜುನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ. ತಪ್ಪುವವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೀಗೆ ಗಂಡ ಹೆಂಡತಿ ಕೂಡಿ ಕಾರು ಓಡಿಸುವ ವ್ಯವಸ್ಥೆ ಜಾರಿಗೆ ಬಂತು. ಬೆಳಿಗ್ಗೆ ಗೇಟಿನಿಂದ ಹಿಂದಕ್ಕೆ ತೆಗೆದು ಓಣಿಗೆ ತಿರುಗಿಸುವುದು, ಸಂಜೆ ಓಣಿಯಿಂದ ಗೇಟಿಗೆ ತಿರುಗಿಸುವುದು. ಉಳಿದ ದಾರಿ ನೇರ. ರಾಜೇಶ್ವರಿ ಸಂತೆಯ ಚೀಲ ಹಿಡಿದು, ಪೇಟೆಗೆ ಹೊರಟವಳ ಹಾಗೆ ಪಕ್ಕದಲ್ಲಿ ಕೂರುತ್ತಿದ್ದಳು. ಗಂಡನನ್ನು ಸಂಘಕ್ಕೆ ಬಿಟ್ಟು ನಡೆದು ಮನೆಗೆ ಬರುತ್ತಿದ್ದಳು. ಸಂಜೆ ಮತ್ತೆ ನಡೆದು ಹೋಗಿ ಕಾರಿನಲ್ಲಿ ಬರುತ್ತಿದ್ದಳು. ಮಾತು ಹೊರಗೆ ಕೇಳಿಸದಂತೆ ಗಾಜು ಏರಿಸಿಕೊಳ್ಳಬೇಕು ಎಂಬುದು ಮಡಿವಾಳೆಪ್ಪನ ಜಾಣತನ.

ಗಾಜಿನ ಒಳಗೆ ಕೇಳಿಬರುತ್ತಿದ್ದದ್ದು ಇದು:

"ಎಳಿ! ನನ್ನ ಕಡೆ ಎಳಿ!"

"ಎಳ್ಯಾಕತ್ತೇನಿ! ನೀವು ಬಿಡ್ರಿ ಮೊದಲ!"

"ನಾ ಬಿಟ್ರ ಕಾಂಪೌಂಡಿಗೆ ಬಡಿತೈತಿ!"

"ನಿಮ್ಮ ಮೊಣಕೈ ತಗೀರಿ, ಎದಿಗೆ ನಟ್ಟೈತಿ!"

ಗಾಜಿನ ಹೊರಗೆ ಬೀರವ್ವನಿಗೆ ಕಂಡದ್ದು ಬೇರೆ. ಗಂಡ ಹಲ್ಲು ಕಚ್ಚಿದ್ದಾನೆ. ಹೆಂಡತಿ ಅವನ ಮೈಮೇಲೆ ಬಾಗಿದ್ದಾಳೆ. ನಾಲ್ಕು ಕೈ ಒಂದಕ್ಕೊಂದು ಹೆಣೆದುಕೊಂಡಿವೆ. ಬಾಯಿ ತೆರೆದು ಮುಚ್ಚುತ್ತಿವೆ. ಆಮೇಲೆ ಇಬ್ಬರೂ ಬೆವರು ಒರೆಸಿಕೊಂಡು, ಮುಖ ಬೇರೆ ಬೇರೆ ಕಡೆ ತಿರುಗಿಸಿ, ಸತ್ತವರಂತೆ ಕೂತಿದ್ದಾರೆ. ಮೊರ ಅಲ್ಲಾಡಿಸುವುದನ್ನು ಬೀರವ್ವ ಆ ಕ್ಷಣಕ್ಕೆ ನಿಲ್ಲಿಸಿದಳು.

ಎರಡನೆಯ ಸಂಜೆ ರಾಜೇಶ್ವರಿಯ ಎರಡು ಬಳೆ ಒಡೆದವು. ಮರುದಿನ ನಾಲ್ಕು. ಚೂರುಗಳನ್ನು ಅವಳು ಕಾರಿನಿಂದ ಕೊಡವಿ ಗೇಟಿನ ಬದಿಗೆ ಚೆಲ್ಲಿದಳು. ಮೊಣಕೈ ತನಕ ಗೀರು ಎದ್ದಿತ್ತು. ಬೀರವ್ವ ಆ ಹಸಿರು ಚೂರುಗಳನ್ನು ಮೊರದಲ್ಲಿ ಎತ್ತಿಕೊಂಡು ನೇರವಾಗಿ ಸಾವಂತ್ರೆವ್ವನ ಪಡಸಾಲೆಗೆ ಹೋದಳು.

"ಅಕ್ಕಾರ, ಮುತ್ತೈದಿ ಬಳಿ. ದಿನಾ ಒಡ್ಯಾಕತ್ತಾವು. ನಿಮ್ಮ ಗೇಟಿನಾಗ."

ಸಾವಂತ್ರೆವ್ವ ರಾಜೇಶ್ವರಿಯನ್ನು ಕರೆಸಿದಳು. ಗೀರು ನೋಡಿದಳು.

"ಏನಿದು?"

ನಿಜ ಹೇಳುವಂತಿರಲಿಲ್ಲ. ಸುಳ್ಳು ಹೇಳಿ ರೂಢಿಯಿರಲಿಲ್ಲ. ರಾಜೇಶ್ವರಿ ತನಗೆ ತೋಚಿದ್ದನ್ನು ಹೇಳಿದಳು.

"ಹಂಗ... ಇಬ್ಬರೂ ಆಡಾಕತ್ತಿದ್ವಿರಿ."

"ಆಡಾಕತ್ತಿದ್ರಿ."

"ಹೂನ್ರಿ."

"ಮಗ ಧಾರವಾಡದಾಗ ಕಾಲೇಜ್ ಕಲ್ಯಾಕತ್ತಾನ. ನೀವು ಕಾರಿನಾಗ ಆಡಾಕತ್ತೀರಿ."

ಅಂದು ಮಧ್ಯಾಹ್ನವೇ ಸಂಪಗಾಂವಕ್ಕೆ ಫೋನ್ ಹೋಯಿತು.

ಬಸವಲಿಂಗ ಸಂಜೆ ಬಂದ. ಜಗಳ ಬಿಡಿಸಲು ಬಂದರೂ ಅಕ್ಕನ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಒಂದು ಡಜನ್ ಬಾಳೆಹಣ್ಣು ತಂದಿದ್ದ. ಹಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಸಾವಂತ್ರೆವ್ವನ ಪಡಸಾಲೆಯಲ್ಲಿ ಕೂತ. ಬೀರವ್ವ ಸಾಕ್ಷಿಯಾಗಿ ಬಂದಳು. ಚುರುಮುರಿ, ಚಹಾ ಬಂದವು. ಇಷ್ಟಾದ ಮೇಲೆ ನ್ಯಾಯ ನಡೆಯದೆ ವಿಧಿಯಿಲ್ಲ.

"ಮಾವಾರ, ನೇರ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಅಕ್ಕನ ಮ್ಯಾಲ ಕೈ ಎತ್ತೀರೇನು?"

"ನನ್ನ ಕೈ ಏಳೂದ ಇಲ್ಲಲ್ಲೋ ತಮ್ಮಾ."

ಮಡಿವಾಳೆಪ್ಪ ಎತ್ತಿ ತೋರಿಸಿದ. ಮೂರು ನಾಲ್ಕು ದಿನದ ಎಳೆದಾಟಕ್ಕೆ ಹೆಗಲು ಪೂರ್ತಿ ಕೂತುಬಿಟ್ಟಿತ್ತು. ಕೈ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ನೋವು ನಿವಾರಕ ಮುಲಾಮಿನ ವಾಸನೆ ಪಡಸಾಲೆ ತುಂಬಿತು.

ಬೀರವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. "ಯವ್ವಾ! ಗಂಡಸಿನ ಕೈ ಮುರದ ಇಟ್ಟಾಳಲ್ರಿ!"

ಎಲ್ಲರ ಕಣ್ಣೂ ರಾಜೇಶ್ವರಿಯ ತೋಳಿನ ಮೇಲೆ ಬಿದ್ದವು. ಚೀಲ ಹೊತ್ತ ತೋಳು. ಆ ತೋಳಿನ ಬಗ್ಗೆ ಈತನಕ ಯಾರೂ ಈ ರೀತಿ ಯೋಚಿಸಿರಲಿಲ್ಲ.

"ಅವ್ರದೇನೂ ತಪ್ಪಿಲ್ಲ ತಮ್ಮಾ," ಎಂದಳು ರಾಜೇಶ್ವರಿ ದಣಿದ ದನಿಯಲ್ಲಿ. "ಎಳದಾಕಿ ನಾನ."

"ಏನ ಎಳದಿ?"

ಅವಳು ಗಂಡನ ಮುಖ ನೋಡಿದಳು. ಗಂಡ ಫ್ಯಾನಿನ ಕಡೆ ನೋಡಿದ. ಕರೆಂಟು ಇರಲಿಲ್ಲ, ಫ್ಯಾನು ನಿಂತಿತ್ತು. ಆದರೂ ಬಹಳ ಹೊತ್ತು ನೋಡಿದ.

"ಅದನ್ನ ಹೇಳಾಕ ಬರೂದಿಲ್ಲ," ಎಂದಳು.

ಬಸವಲಿಂಗ ಟವೆಲಿನಿಂದ ಮುಖ ಒರೆಸಿಕೊಂಡ. "ಅಲ್ಲಕ್ಕಾ, ಹೊಡದಾಡಾಕ ಮನಿ ಐತಿ. ಬಾಗಲಾ ಹಾಕ್ಕೊಂಡು ಏನರೆ ಮಾಡ್ಕೋರಿ. ಕಾರಿನಾಗ ಯಾಕ?"

ಇದಕ್ಕೆ ಸಾವಂತ್ರೆವ್ವನೇ ಉತ್ತರ ಕಂಡುಹಿಡಿದಳು. "ಮನ್ಯಾಗ ಜಗಳ ಬ್ಯಾಡ ಅಂತ ನಾನ ಹೇಳಿದ್ನಲ್ಲ, ಅದಕ್ಕ! ಮನ್ಯಾಗ ಉಸಿರಿಲ್ಲ, ಸಪ್ಪಳಿಲ್ಲ. ಕಾರಿನಾಗ ಕುಂತು, ಗಾಜ ಹಾಕ್ಕೊಂಡು ಬಡದಾಡಾಕತ್ತಾರ. ಬಾಳ ಶಾಣ್ಯಾರದಾರ. ಆದ್ರ ಕೇಳ ತಮ್ಮಾ ಮಡಿವಾಳೆಪ್ಪಾ, ಕಾರ ನನ್ನ ಗೇಟಿನಾಗ ನಿಂದರತೈತಿ. ಗೇಟ ಅಂದ್ರೂ ಮನೀನ."

ಈ ತೀರ್ಪನ್ನು ಯಾರೂ ಅಲ್ಲಗಳೆಯಲಿಲ್ಲ. ಕೊನೆಗೆ ನಿಗದಿಯಾದದ್ದು ಇಷ್ಟು: ಬಸವಲಿಂಗ ಅಕ್ಕನನ್ನು ತವರಿಗೆ ಕರೆದೊಯ್ದು ಬುದ್ಧಿ ಹೇಳಿ, ಹಬ್ಬದ ಹೊತ್ತಿಗೆ ಕಳಿಸಬೇಕು. ಇನ್ನೊಂದು ಸಲ ಕಾರಿನಲ್ಲಿ ಜಗಳ ಕಂಡರೆ ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡಬೇಕು. ಬಸವಲಿಂಗ ಬಾಳೆಹಣ್ಣನ್ನು ಭಾವನ ಕೈಗೆ ಕೊಟ್ಟ.

"ತಿನ್ರಿ ಮಾವಾರ. ಮೈಯಾಗ ಸ್ವಲ್ಪ ಶಕ್ತಿ ಬರಲಿ. ನಮ್ಮ ಅಕ್ಕ ಹಿಂಗ ಅಂತ ಗೊತ್ತಿರಲಿಲ್ಲ. ಹೊಟ್ಟ್ಯಾಗ ಹಾಕ್ಕೋರಿ."

ರಾಜೇಶ್ವರಿ ಚೀಲ ಹಿಡಿದು ತಮ್ಮನ ಹಿಂದೆ ಹೋದಳು. ಗೇಟಿನಲ್ಲಿ ಒಮ್ಮೆ ನಿಂತು ತಿರುಗಿ ಗಂಡನನ್ನು ನೋಡಿದಳು. ಈಗಲಾದರೂ ಹೇಳುತ್ತಾನೇನೋ ಎಂದು ಕಾದಳು. ಮಡಿವಾಳೆಪ್ಪ ಬಾಳೆಹಣ್ಣು ಸುಲಿಯುತ್ತಿದ್ದ.

ಎರಡು ದಿನ ಕಾರು ಗೇಟಿನೊಳಗೆ ನಿಂತಿತು. ಮಡಿವಾಳೆಪ್ಪ ನಡೆದು ಸಂಘಕ್ಕೆ ಹೋದ. ಯಾರೂ ಕಾರಿನ ಬಗ್ಗೆ ಕೇಳಲಿಲ್ಲ. ಓಣಿಯ ಗಂಡಸರು ಅವನನ್ನು ನೋಡಿ ಎದ್ದು ನಿಂತರು, ಬೀಡಿ ಮುಂದೆ ಚಾಚಿದರು, ಕಟ್ಟೆಯ ಮೇಲೆ ಜಾಗ ಬಿಟ್ಟರು. ಹೆಂಡತಿಯ ಕೈಯಲ್ಲಿ ಪೆಟ್ಟು ತಿಂದವನಿಗೆ ಆ ಓಣಿಯಲ್ಲಿ ಇಷ್ಟೊಂದು ಗೌರವ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಅರ್ಜುನನ ಫೋನು.

"ಸರ್, ಪಂಪ್ ಬಂದೈತಿ. ಇವತ್ತ ತಗೊಂಡ ಬರ್ರಿ. ನಾಳೆ ನಾ ರಾಮದುರ್ಗಕ್ಕ ಹೊಂಟೇನಿ, ಹೆಂಡ್ತಿ ಊರಿಗೆ. ಬರೂದು ಯಾವಾಗೋ. ಇಲ್ಲಾಂದ್ರ ನಾನ ಮನೀಗೆ ಬಂದು ಹಾಕ್ಲೇನು?"

"ಬ್ಯಾಡ! ಮನೀಗೆ ಬರಬ್ಯಾಡ!"

ಫೋನಿಟ್ಟು ಮಡಿವಾಳೆಪ್ಪ ಕಾರು ಹತ್ತಿದ. ಸ್ಟೇರಿಂಗ್ ಹಿಡಿದು ಎಳೆದ. ಸ್ಟೇರಿಂಗು ಅವನನ್ನು ಎಳೆಯಿತು. ಕೆಳಗಿಳಿದು ಸಂಪಗಾಂವಕ್ಕೆ ಫೋನು ಹಚ್ಚಿದ.

"ತಮ್ಮಾ ಬಸವಲಿಂಗಾ, ನಿಮ್ಮಕ್ಕನ್ನ ಕಳಿಸ್ತೀಯೇನು?"

"ಎರಡ ದಿನ ಆತಲ್ರಿ ಮಾವಾರ. ಇಷ್ಟ ಲಗೂ?"

"ಪೂರಾ ಬ್ಯಾಡೋ. ಎರಡ ತಾಸು ಸಾಕು. ಕೆಲಸ ಮುಗದ ಕೂಡ್ಲೆ ತಿರುಗಿ ಕಳಿಸ್ತೇನಿ."

ಆ ಕಡೆ ಬಸವಲಿಂಗ ಕೆಮ್ಮಿದ. "ಮಾವಾರ... ನೀವು ವಯಸ್ಸಿನಾಗ ದೊಡ್ಡಾವ್ರು. ನಾ ಏನ ಹೇಳ್ಲಿ. ಬಸ್ಸಿಗೆ ಹತ್ತಸ್ತೇನಿ."

ರಾಜೇಶ್ವರಿ ಬಸ್ಸಿಳಿದು ಬಂದಳು. ಏನನ್ನೂ ಕೇಳದೆ ಕಾರಿನ ಬಾಗಿಲು ತೆರೆದು ತನ್ನ ಜಾಗದಲ್ಲಿ ಕೂತಳು. ಇಬ್ಬರೂ ಎಳೆದರು. ಅವಳ ಬಲಗೈಯಲ್ಲಿ ಉಳಿದಿದ್ದ ಮೂರು ಬಳೆಯೂ ಹೋದವು. ಕಾರು ಗೇಟಿನಿಂದ ಹೊರಬಿದ್ದು ಓಣಿಗೆ ತಿರುಗಿದಾಗ ಕಟ್ಟೆಯ ಮೇಲೆ ಬೀರವ್ವ ಇದ್ದಳು. ಅವಳ ಪಕ್ಕದಲ್ಲಿ ಸಾವಂತ್ರೆವ್ವ ನಿಂತಿದ್ದಳು.

ನಾಕಾ ಹತ್ತಿರ ಬಂದಾಗ ರಾಜೇಶ್ವರಿ ಹೇಳಿದಳು: "ನೋಡ್ರಿ, ನನಗ ಸಾಕಾಗೇತಿ. ನಮ್ಮವ್ವ ನನ್ನ ಕೂಡ ಮಾತ ಬಿಟ್ಟಾಳ. ಗಂಡನ್ನ ಹೊಡ್ಯಾಕಿ ಅಂತ ಕೇರಿ ಮಂದಿ ನನ್ನ ನೋಡಾಕ ಬರಾಕತ್ತಾರ. ಇವತ್ತ ನೀವು ಖರೇ ಹೇಳತೀರೋ, ನಾ ಹೇಳ್ಲೋ?"

ಮಡಿವಾಳೆಪ್ಪ ಯೋಚಿಸಿದ. ಬಸವಲಿಂಗನ ನಗು ಒಂದು ಕಡೆ, ಗೇಟಿರುವ ಮನೆ ಒಂದು ಕಡೆ. ಜೀವನದಲ್ಲಿ ಮೊದಲ ಸಲ ಮನೆಯೇ ಹೆಚ್ಚು ತೂಗಿತು.

"ಹೇಳತೇನಿ," ಎಂದ.

ಅರ್ಜುನ ಹಳೆಯ ಪಂಪು ಬಿಚ್ಚಿದ. ಹೊಸದನ್ನು ಕೂಡಿಸಿ, ಪೈಪು ಬಿಗಿದು, ಬೆಲ್ಟು ಏರಿಸಿ, ಕೆಂಪು ಎಣ್ಣೆ ಸುರಿದ. ಒಳಗಿನ ಗಾಳಿ ಹೋಗಲೆಂದು ಸ್ಟೇರಿಂಗನ್ನು ಎಡಕ್ಕೆ ಪೂರಾ, ಬಲಕ್ಕೆ ಪೂರಾ ತಿರುಗಿಸುತ್ತ, ಮತ್ತೆ ಎಣ್ಣೆ ಸುರಿಯುತ್ತ ಕೂತ. ಕೊನೆಗೆ ನರಳಾಟ ನಿಂತಿತು. ಮಡಿವಾಳೆಪ್ಪ ಹಳೆಯ ಪಂಪನ್ನು ಕಾಗದದಲ್ಲಿ ಸುತ್ತಿ, ಸಾಕ್ಷಿಗೆಂದು ರಾಜೇಶ್ವರಿಯ ಮಡಿಲಿಗೆ ಕೊಟ್ಟ. ಓಣಿಯಲ್ಲಿ ಕಾರು ಬೆಣ್ಣೆಯಂತೆ ತಿರುಗಿ ಗೇಟಿನೊಳಗೆ ಹೋಯಿತು.

ಸಾವಂತ್ರೆವ್ವ ಬಾಗಿಲಲ್ಲೇ ಕಾದಿದ್ದಳು. "ಅಮಾಸಿ ತನಾ ಟೈಮ್ ಐತಿ. ಮನಿ ನೋಡ್ಕೋರಿ."

"ಯವ್ವಾ, ಖರೇ ಹೇಳತೇನಿ ಕೇಳ್ರಿ. ನಾವು ಜಗಳಾನ ಆಡಿಲ್ಲ. ಸ್ಟೇರಿಂಗ್ ಪಂಪ್ ಹೋಗಿತ್ತು. ತಿರಗವಲ್ದಾಗಿತ್ತು. ನನ್ನ ತೋಳಿನಾಗ ಬಲ ಇಲ್ಲ. ಅದಕ್ಕ ಇಬ್ಬರೂ ಕೂಡಿ ಎಳ್ಯಾಕತ್ತಿದ್ವಿ."

ತೋಳಿನಲ್ಲಿ ಬಲವಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಹಳ ಕಷ್ಟದಿಂದ ಬಂತು. ಬೀರವ್ವ ಕೂಡ ಮೊರ ಬಿಟ್ಟು ಬಂದು ನಿಂತಳು.

"ತಿರಗವಲ್ದಾಗಿತ್ತು?" ಸಾವಂತ್ರೆವ್ವ ಕೇಳಿದಳು. "ಇದು?"

"ಹೂನ್ರಿ."

ಸಾವಂತ್ರೆವ್ವ ಸೆರಗು ಸಿಕ್ಕಿಸಿಕೊಂಡು ಕಾರು ಹತ್ತಿದಳು. ಎಂಜಿನ್ನು ಇನ್ನೂ ನಡೆದೇ ಇತ್ತು. ಒಂದು ಬೆರಳು ಹಚ್ಚಿದಳು. ತಿರುವಿದಳು. ಚಕ್ರ ತಿರುಗಿತು. ಇನ್ನೊಂದು ಕಡೆ ತಿರುವಿದಳು. ಆ ಕಡೆಯೂ ತಿರುಗಿತು. ಪೂಜೆಯ ದಿನಕ್ಕಿಂತ ಹಗುರಾಗಿ ತಿರುಗಿತು.

ಅವಳು ಕೆಳಗಿಳಿದು ಸೆರಗು ಕೊಡವಿದಳು.

"ಈಗ ತಿರಗತೈತ್ರಿ! ಈಗ ಹೊಸಾ ಪಂಪ್ ಹಾಕೇವಿ! ಹಳೇದು ಇಲ್ಲೈತಿ ನೋಡ್ರಿ!"

ರಾಜೇಶ್ವರಿ ಕಾಗದ ಬಿಚ್ಚಿದಳು. ಸಾವಂತ್ರೆವ್ವ ಆ ಕಪ್ಪು ಮುದ್ದೆಯನ್ನು ನೋಡಿದಳು. "ಇಂಥಾ ಕಬ್ಬಿಣ ಗುಜರಿ ಅಂಗಡ್ಯಾಗ ಬೇಕಾದಷ್ಟ ಬಿದ್ದಿರತೈತಿ."

"ಹಂಗಾರ ಅರ್ಜುನನ್ನ ಕೇಳ್ರಿ! ಅವನ ಹಾಕ್ಯಾನ!"

ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಇಟ್ಟ. ಸಾವಂತ್ರೆವ್ವ ಬಾಗಿ ಕೇಳಿದಳು. "ತಮ್ಮಾ, ನಾ ಮಡಿವಾಳೆಪ್ಪನ ಮನಿ ಒಡತಿ. ಇವ್ರ ಕಾರಿಗೆ ಏನಾಗಿತ್ತಪಾ?"

ಅರ್ಜುನ ತಡಮಾಡಲಿಲ್ಲ. "ಏನೂ ಆಗಿಲ್ಲರಿ ಯವ್ವಾ. ಗಾಡಿ ಫಸ್ಟ್ ಕ್ಲಾಸ್ ಐತಿ. ನಾ ಅದಕ್ಕ ಕೈನ ಹಚ್ಚಿಲ್ಲ."

"ಅರ್ಜುನ, ನಾನೋ, ನಾ ಮಡಿವಾಳೆಪ್ಪ! ಖರೇ ಹೇಳೋ!"

"ಖರೇನ ಹೇಳಾಕತ್ತೇನ್ರಿ ಸರ್," ಎಂದ ಅರ್ಜುನ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಯಾರ ಕೇಳಿದ್ರೂ ಇದನ್ನ ಹೇಳತೇನಿ. ಕಾಳಜಿ ಮಾಡಬ್ಯಾಡ್ರಿ."

ಫೋನು ಬಂದ್ ಆಯಿತು. ಬೀರವ್ವ ರಾಜೇಶ್ವರಿಯ ಖಾಲಿ ಬಲಗೈ ನೋಡಿ ನಿಟ್ಟುಸಿರುಬಿಟ್ಟಳು. ಸಾವಂತ್ರೆವ್ವ ಸಿಟ್ಟಾಗಲಿಲ್ಲ. ಅವಳೂ ದಣಿದಿದ್ದಳು.

"ಹೊಡದಾಡ್ರಿ ತಮ್ಮಾ, ಯಾರ ಬ್ಯಾಡಂದಾರ. ನಾವೂ ಆಡೇವಿ. ಆದ್ರ ನಾವು ಯಾವತ್ತೂ ತಪ್ಪು ಗಾಡಿ ಮ್ಯಾಲ ಹಾಕಲಿಲ್ಲ."

ಅಮಾವಾಸ್ಯೆಯ ಮುಂಚಿನ ದಿನ ಅವರು ಸಾಮಾನು ಏರಿಸಿದರು. ಹೊಸ ಮನೆ ಸಿಕ್ಕದ್ದು ಪೇಟೆಯ ಹಿಂದಿನ ಒಂದು ಸಂದಿಯಲ್ಲಿ. ಅಲ್ಲಿ ಎರಡು ಸೈಕಲ್ಲು ಎದುರಾದರೆ ಒಂದು ಹಿಂದೆ ಸರಿಯಬೇಕು. ಕಾರು ಅರ್ಜುನನ ಗ್ಯಾರೇಜಿನ ಪಕ್ಕದ ಬಯಲಿನಲ್ಲಿ ನಿಂತಿದೆ. ಮಡಿವಾಳೆಪ್ಪ ರವಿವಾರಕ್ಕೊಮ್ಮೆ ಹೋಗಿ ಎಂಜಿನ್ನು ಚಾಲೂ ಮಾಡಿ, ಒಂದು ಬೆರಳಿನಿಂದ ಸ್ಟೇರಿಂಗ್ ತಿರುಗಿಸಿ ಬರುತ್ತಾನೆ. ರಾಜೇಶ್ವರಿ ಹೊಸ ಬಳೆ ಇಟ್ಟುಕೊಂಡಿದ್ದಾಳೆ. ಕಾರು ಹತ್ತುವುದಿಲ್ಲ. ಹೊಸ ಓಣಿಯಲ್ಲಿ ಹೆಂಗಸರು ಅವಳಿಗೆ ನಲ್ಲಿಯ ಸರದಿ ತಾವಾಗಿಯೇ ಬಿಟ್ಟುಕೊಡುತ್ತಾರೆ.

ಹೋದದ್ದು ಇಷ್ಟು: ಹಸಿರು ಬಳೆ ಒಂಬತ್ತು, ಪಂಪು ಒಂದು, ಗೇಟಿದ್ದ ಮನೆ ಒಂದು.